ವಾಹನದ ಬಾಡಿ, ಬಣ್ಣ ಮತ್ತು ಒಳಾಂಗಣ: ಕಾನೂನು, ತೆರಿಗೆ ಹಾಗೂ ಲೆಕ್ಕಪತ್ರ

ನಂದಿಬೆಟ್ಟದ ಸುತ್ತಲಿನ ಚಿಕ್ಕಬಳ್ಳಾಪುರ, ಶಿಡ್ಲಘಟ್ಟ, ಚಿಂತಾಮಣಿ ಮತ್ತು ಗೌರಿಬಿದನೂರು ತಾಲ್ಲೂಕುಗಳ ವ್ಯಾಪಾರ ಬಹುಮಟ್ಟಿಗೆ ಸರಕು ವಾಹನಗಳನ್ನು ಅವಲಂಬಿಸಿದೆ. ಶಿಡ್ಲಘಟ್ಟದ ಮಾರುಕಟ್ಟೆಗೆ ರೇಷ್ಮೆಗೂಡು, ಚಿಂತಾಮಣಿಯಿಂದ ಟೊಮೆಟೊ, ಚಿಕ್ಕಬಳ್ಳಾಪುರದಿಂದ ಹೂವು ಮತ್ತು ದ್ರಾಕ್ಷಿ, ಗೌರಿಬಿದನೂರಿನ ಕಾರ್ಖಾನೆಗಳಿಂದ ಸಿದ್ಧ ಸರಕು ದಿನವೂ ಸಾಗುತ್ತವೆ. ಈ ವಾಹನಗಳಲ್ಲಿ ಅನೇಕವು ಕಾರ್ಖಾನೆಯಿಂದ ಬಂದ ರೂಪದಲ್ಲೇ ಉಳಿಯುವುದಿಲ್ಲ. ಮಾಲೀಕರು ತಮ್ಮ ಸರಕಿಗೆ ತಕ್ಕಂತೆ ಬಾಡಿ ಕಟ್ಟಿಸುತ್ತಾರೆ, ಬಣ್ಣ ಬದಲಿಸುತ್ತಾರೆ, ಕ್ಯಾಬಿನ್ನಿನ ಒಳಭಾಗವನ್ನು ಹೊಸದಾಗಿ ಮಾಡಿಸುತ್ತಾರೆ. ಸ್ವಂತ ಕಾರುಗಳ ವಿಷಯದಲ್ಲಿಯೂ ಇದೇ ಅಭಿರುಚಿ ಹೆಚ್ಚುತ್ತಿದೆ.

ಇಂತಹ ಕೆಲಸಕ್ಕೆ ಹಣ ಕೊಡುವಾಗ ವಿಚಾರಿಸುವುದು ಸಾಮಾನ್ಯವಾಗಿ ಕೂಲಿ ಮತ್ತು ಸಾಮಗ್ರಿಯ ಬೆಲೆಯನ್ನು ಮಾತ್ರ. ಆದರೆ ಅದೇ ಕೆಲಸ ಮೋಟಾರು ವಾಹನ ಕಾಯ್ದೆ, ಸರಕು ಮತ್ತು ಸೇವಾ ತೆರಿಗೆ, ಆದಾಯ ತೆರಿಗೆ ಹಾಗೂ ವಿಮೆ ಈ ನಾಲ್ಕರ ವ್ಯಾಪ್ತಿಗೂ ಬರುತ್ತದೆ. ಒಂದು ಕಡೆ ತಪ್ಪಿದರೆ ಕಟ್ಟಿದ ತೆರಿಗೆಯ ಜಮೆ ಕೈತಪ್ಪಬಹುದು. ಇನ್ನೊಂದು ಕಡೆ ತಪ್ಪಿದರೆ ಅಪಘಾತದ ನಂತರ ವಿಮಾ ಪರಿಹಾರಕ್ಕೇ ತಕರಾರು ಬರಬಹುದು. ಈ ವಿಷಯಗಳಲ್ಲಿ ವರ್ತಕರೂ ಸಣ್ಣ ಕೈಗಾರಿಕೋದ್ಯಮಿಗಳೂ ತಿಳಿದಿರಬೇಕಾದ ಅಂಶಗಳನ್ನು ಇಲ್ಲಿ ವಿವರಿಸಲಾಗಿದೆ.

1. ಬಾಡಿಯ ತೂಕವೂ ವ್ಯಾಪಾರದ ಲೆಕ್ಕವೇ

ಸರಕು ವಾಹನದ ಒಟ್ಟು ತೂಕದ ಮಿತಿಯನ್ನು ತಯಾರಕರ ವಿವರಗಳಿಗೆ ಅನುಗುಣವಾಗಿ ನೋಂದಣಿಯಲ್ಲಿ ನಿಗದಿಪಡಿಸಲಾಗುತ್ತದೆ. ಚಾಸಿ, ಬಾಡಿ, ಚಾಲಕ ಹಾಗೂ ಸರಕು ಎಲ್ಲವೂ ಆ ಮಿತಿಯೊಳಗೇ ಇರಬೇಕು. ಆದ್ದರಿಂದ ಬಾಡಿ ಭಾರವಾದಷ್ಟೂ ಹೊರಬಹುದಾದ ಸರಕು ಕಡಿಮೆಯಾಗುತ್ತದೆ.

ಉದಾಹರಣೆಗೆ, ಒಟ್ಟು ತೂಕದ ಮಿತಿ 7,500 ಕಿಲೋಗ್ರಾಂ ಇರುವ ವಾಹನವೊಂದನ್ನು ತೆಗೆದುಕೊಳ್ಳೋಣ. ದಪ್ಪ ಕಬ್ಬಿಣದ ತಗಡು, ಹೆಚ್ಚುವರಿ ಆಂಗಲ್ ಮತ್ತು ಅಲಂಕಾರದ ಚೌಕಟ್ಟುಗಳಿಂದಾಗಿ ಬಾಡಿಯ ತೂಕ 300 ಕಿಲೋಗ್ರಾಂ ಹೆಚ್ಚಾಯಿತು ಎಂದುಕೊಂಡರೆ, ಪ್ರತಿ ಸುತ್ತಿನಲ್ಲಿಯೂ 300 ಕಿಲೋಗ್ರಾಂ ಸರಕು ಕಡಿಮೆ ತುಂಬಬೇಕಾಗುತ್ತದೆ. 15 ಕಿಲೋಗ್ರಾಂ ತೂಗುವ ಟೊಮೆಟೊ ಬಾಕ್ಸುಗಳ ಲೆಕ್ಕದಲ್ಲಿ ಇದು 20 ಬಾಕ್ಸು. ವರ್ಷಕ್ಕೆ 200 ಸುತ್ತು ಎಂದರೆ 4,000 ಬಾಕ್ಸುಗಳ ಬಾಡಿಗೆ ನಷ್ಟ. ಈ ನಷ್ಟವನ್ನು ತಪ್ಪಿಸಲು ಮಿತಿಮೀರಿ ತುಂಬಿದರೆ, 2019ರ ತಿದ್ದುಪಡಿಯ ನಂತರ ಮೋಟಾರು ವಾಹನ ಕಾಯ್ದೆಯ ಕಲಂ 194ರಡಿ ರೂ. 20,000 ದಂಡ ಹಾಗೂ ಪ್ರತಿ ಹೆಚ್ಚುವರಿ ಟನ್ನಿಗೆ ರೂ. 2,000 ದಂಡಕ್ಕೆ ಅವಕಾಶವಿದೆ.

ರೇಷ್ಮೆಗೂಡಿನ ಸಾಗಣೆಯಲ್ಲಿ ಸಮಸ್ಯೆ ಬೇರೆ. ಗೂಡು ಹಗುರವಾದರೂ ಹೆಚ್ಚು ಜಾಗ ಬೇಡುತ್ತದೆ. ಗಾಳಿಯಾಡದೆ ಬಿಸಿಯೇರಿದರೆ ಗುಣಮಟ್ಟ ಕೆಡುತ್ತದೆ. ಹೀಗಾಗಿ ಪಕ್ಕದ ಹಲಗೆಗಳನ್ನು ಎತ್ತರಿಸುವ, ಜಾಲರಿ ಕಟ್ಟಿಸುವ ರೂಢಿಯಿದೆ. ಇಲ್ಲಿ ತೂಕಕ್ಕಿಂತ ಹೊರ ಅಳತೆಯ ಕಡೆ ಗಮನವಿರಬೇಕು. ಹೂವಿನ ವ್ಯಾಪಾರಿಗೆ ಬೇಕಾದ ಶಾಖನಿರೋಧಕ ಪೆಟ್ಟಿಗೆಯಲ್ಲಿ ತೂಕ ಮತ್ತು ಅಳತೆ ಎರಡೂ ಮುಖ್ಯವಾಗುತ್ತವೆ. ಬಾಡಿ ಕಟ್ಟುವವರಿಗೆ ಮುಂಗಡ ನೀಡುವ ಮುನ್ನ ಉದ್ದ, ಅಗಲ, ಎತ್ತರ ಮತ್ತು ಅಂದಾಜು ತೂಕ ಬರೆದಿರುವ ನಕ್ಷೆಯೊಂದನ್ನು ಪಡೆಯುವುದು ಈ ಕಾರಣದಿಂದಲೇ ಅಗತ್ಯ.

2. ಮೋಟಾರು ವಾಹನ ಕಾಯ್ದೆಯ ನಿಲುವು

ಹೊಸ ಚಾಸಿಯ ಮೇಲೆ ಮೊದಲ ಬಾರಿಗೆ ಬಾಡಿ ಕಟ್ಟುವುದೂ ನೋಂದಣಿಯಾದ ವಾಹನವನ್ನು ಮಾರ್ಪಡಿಸುವುದೂ ಒಂದೇ ಅಲ್ಲ. ಮೊದಲನೆಯದರಲ್ಲಿ ಚಾಸಿಗೆ ತಾತ್ಕಾಲಿಕ ನೋಂದಣಿ ಪಡೆದು, ಬಾಡಿ ಪೂರ್ಣಗೊಂಡ ಮೇಲೆ ವಾಹನವನ್ನು ತಪಾಸಣೆಗೆ ಒಪ್ಪಿಸಿ ಕಾಯಂ ನೋಂದಣಿ ಮಾಡಿಸಲಾಗುತ್ತದೆ. ಬಾಡಿ ಕಟ್ಟಲು ಬೇಕಾಗುವ ಕಾಲವನ್ನು ಪರಿಗಣಿಸಿ, 2021ರಲ್ಲಿ ತಾತ್ಕಾಲಿಕ ನೋಂದಣಿಯ ಅವಧಿಯನ್ನು 1 ತಿಂಗಳಿನಿಂದ 6 ತಿಂಗಳಿಗೆ ವಿಸ್ತರಿಸಲಾಯಿತು. ಟ್ರಕ್ ಬಾಡಿಗೆ ಎಐಎಸ್-093, ಬಸ್ ಬಾಡಿಗೆ ಎಐಎಸ್-052 ಎಂಬ ತಾಂತ್ರಿಕ ಸಂಹಿತೆಗಳಿವೆ. ಕೆಲಸ ಒಪ್ಪಿಸುವ ಮುನ್ನ ಕಾರ್ಯಾಗಾರದವರು ತಮ್ಮ ವಿನ್ಯಾಸಕ್ಕೆ ಅಗತ್ಯವಾದ ಅನುಮೋದನೆ ಹೊಂದಿದ್ದಾರೆಯೇ ಎಂದು ವಿಚಾರಿಸುವುದು ಮಾಲೀಕರ ಹಿತಕ್ಕೇ ಒಳ್ಳೆಯದು.

ನೋಂದಣಿಯಾದ ನಂತರದ ಬದಲಾವಣೆಗೆ ಕಲಂ 52 ಅನ್ವಯಿಸುತ್ತದೆ. ತಯಾರಕರು ಮೂಲತಃ ನಿರ್ದಿಷ್ಟಪಡಿಸಿದ ವಿವರಗಳಿಗೂ ನೋಂದಣಿ ಪ್ರಮಾಣಪತ್ರದ ವಿವರಗಳಿಗೂ ವ್ಯತ್ಯಾಸ ಬರುವಂತೆ ಯಾವ ಮಾಲೀಕನೂ ವಾಹನವನ್ನು ಮಾರ್ಪಡಿಸಬಾರದು ಎಂಬುದು ಅದರ ಸಾರಾಂಶ. ಇಂಧನ ಬದಲಾವಣೆ, ಅಂಗವಿಕಲರ ಬಳಕೆಗೆ ಹೊಂದಿಸುವುದು ಮುಂತಾದವಕ್ಕೆ ಷರತ್ತುಗಳೊಡನೆ ಅವಕಾಶವಿದೆ. 2019ರ ಜನವರಿ 9ರಂದು ಪ್ರಾದೇಶಿಕ ಸಾರಿಗೆ ಅಧಿಕಾರಿ ವಿರುದ್ಧ ಕೆ. ಜಯಚಂದ್ರ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು ಕೇರಳ ಹೈಕೋರ್ಟಿನ ವಿಭಾಗೀಯ ಪೀಠದ ತೀರ್ಪನ್ನು ಒಪ್ಪದೆ, ನಿಯಮಗಳಿಗಿಂತ ಕಾಯ್ದೆಯೇ ಮೇಲು, ಮೂಲ ನಿರ್ದಿಷ್ಟತೆಗೆ ವಿರುದ್ಧವಾದ ಮಾರ್ಪಾಡು ಸಲ್ಲದು ಎಂದು ಸ್ಪಷ್ಟಪಡಿಸಿತು.

ಅದೇ ವರ್ಷ ಸೇರ್ಪಡೆಯಾದ ಕಲಂ 182ಎ ಪ್ರಕಾರ, ಅನುಮತಿಸದ ಮಾರ್ಪಾಡು ಮಾಡಿಸಿದ ಮಾಲೀಕನಿಗೆ 6 ತಿಂಗಳವರೆಗೆ ಸೆರೆವಾಸ ಅಥವಾ ಪ್ರತಿಯೊಂದು ಮಾರ್ಪಾಡಿಗೆ ರೂ. 5,000 ದಂಡ ಅಥವಾ ಎರಡನ್ನೂ ವಿಧಿಸಬಹುದು. ಇಲ್ಲಿ ದಂಡದ ಲೆಕ್ಕ ವಾಹನಕ್ಕಲ್ಲ, ಮಾರ್ಪಾಡಿಗೆ ಎಂಬುದನ್ನು ಗಮನಿಸಬೇಕು. ತಯಾರಕರು ಮತ್ತು ಮಾರಾಟಗಾರರು ಮಾಡುವ ಉಲ್ಲಂಘನೆಗೆ ಪ್ರತಿ ವಾಹನಕ್ಕೆ ರೂ. 1,00,000 ದಂಡವನ್ನು ಪ್ರತ್ಯೇಕವಾಗಿ ಗೊತ್ತುಪಡಿಸಲಾಗಿದೆ. ಕಾರು ಮತ್ತು ಸರಕು ವಾಹನಗಳ ಮುಂಭಾಗಕ್ಕೆ ಹಾಕಿಸುವ ಕಬ್ಬಿಣದ ಬುಲ್ ಬಾರ್‌ಗಳ ವಿರುದ್ಧ ಕ್ರಮ ಕೈಗೊಳ್ಳುವಂತೆ ಕೇಂದ್ರ ಸಾರಿಗೆ ಸಚಿವಾಲಯ 2017ರ ಡಿಸೆಂಬರ್‌ನಲ್ಲೇ ರಾಜ್ಯಗಳಿಗೆ ಸೂಚಿಸಿತ್ತು.

ಬಣ್ಣದ ವಿಷಯದಲ್ಲಿ ಹಲವರಿಗೆ ಗೊಂದಲವಿದೆ. ಬಣ್ಣವು ನೋಂದಣಿ ಪ್ರಮಾಣಪತ್ರದಲ್ಲಿ ನಮೂದಾಗುವ ವಿವರ. ಇರುವ ಬಣ್ಣವನ್ನೇ ಮತ್ತೆ ಬಳಿಸಿದರೆ ಅದು ದುರಸ್ತಿ. ಬೇರೆ ಬಣ್ಣಕ್ಕೆ ಹೋಗುವುದಾದರೆ ಮೊದಲು ಸಾರಿಗೆ ಕಚೇರಿಗೆ ಅರ್ಜಿ ಸಲ್ಲಿಸಿ, ಒಪ್ಪಿಗೆ ಪಡೆದು, ಕೆಲಸ ಮುಗಿದ ಮೇಲೆ ಪ್ರಮಾಣಪತ್ರದಲ್ಲಿ ನಮೂದು ಮಾಡಿಸಬೇಕು. ಅರ್ಜಿ ಹೋಗಬೇಕಾದುದು ವಾಹನ ನೋಂದಣಿಯಾದ ಕಚೇರಿಗೆ: ಕೆಎ-40 ಚಿಕ್ಕಬಳ್ಳಾಪುರ, ಕೆಎ-67 ಚಿಂತಾಮಣಿ. ವಾಹನದ ಮೇಲೆ ಸಾಲವಿದ್ದರೆ ಸಾಲ ನೀಡಿದ ಸಂಸ್ಥೆಯ ಒಪ್ಪಿಗೆ ಪತ್ರವನ್ನೂ ಪಡೆಯಬೇಕು. ರಕ್ಷಣಾ ಇಲಾಖೆಯ ವಾಹನಗಳಿಗೆ ಮೀಸಲಾದ ಆಲಿವ್ ಹಸಿರು ಬಣ್ಣವನ್ನು ಇತರರು ಬಳಸುವಂತಿಲ್ಲ.

3. ಜಿಎಸ್‌ಟಿ: ಚಾಸಿ ಯಾರದು?

ಬಾಡಿ ಕಟ್ಟುವುದು ಸರಕಿನ ಪೂರೈಕೆಯೋ ಸೇವೆಯೋ ಎಂಬ ಪ್ರಶ್ನೆಗೆ ಕೇಂದ್ರ ಪರೋಕ್ಷ ತೆರಿಗೆ ಮಂಡಳಿಯು 2018ರ ಆಗಸ್ಟ್ 9ರ ಸುತ್ತೋಲೆ 52/26/2018ರಲ್ಲಿ ಬಸ್ ಬಾಡಿಯನ್ನು ಕುರಿತು ಉತ್ತರ ನೀಡಿತು. ಕಾರ್ಯಾಗಾರದವರು ತಮ್ಮದೇ ಚಾಸಿಯ ಮೇಲೆ ಬಾಡಿ ಕಟ್ಟಿ ಪೂರ್ಣ ವಾಹನವನ್ನು ಮಾರಿದರೆ ಅದು ಸರಕಿನ ಪೂರೈಕೆ. ಗ್ರಾಹಕರು ಕೊಟ್ಟ ಚಾಸಿಯ ಮೇಲೆ ಬಾಡಿ ಕಟ್ಟಿ, ಬಳಸಿದ ಸಾಮಗ್ರಿಯೂ ಸೇರಿದಂತೆ ತಯಾರಿಕಾ ಶುಲ್ಕ ಪಡೆದರೆ ಅದು ಸೇವೆ. ಅಂದು ಮೊದಲನೆಯದಕ್ಕೆ ಶೇ. 28, ಎರಡನೆಯದಕ್ಕೆ ಶೇ. 18 ತೆರಿಗೆಯಿತ್ತು. ಶೇ. 10ರ ಈ ಅಂತರವೇ ಅನೇಕ ವಿವಾದಗಳಿಗೆ ಮೂಲವಾಗಿತ್ತು.

2025ರ ಸೆಪ್ಟೆಂಬರ್ 22ರಿಂದ ಜಾರಿಯಾದ ದರ ಪರಿಷ್ಕರಣೆಯಲ್ಲಿ ಸರಕು ಸಾಗಣೆ ವಾಹನ, ಬಸ್ ಹಾಗೂ ಅವುಗಳ ಬಾಡಿಯ ಮೇಲಿನ ತೆರಿಗೆ ಶೇ. 28ರಿಂದ ಶೇ. 18ಕ್ಕೆ ಇಳಿಯಿತು. ಹೀಗೆ ಎರಡೂ ದರಗಳು ಸಮನಾದವು. ಆದರೂ ಸರಕು–ಸೇವೆಯ ಭೇದ ನಿರರ್ಥಕವಾಗಿಲ್ಲ. ಅದಕ್ಕೆ ಮೂರು ಕಾರಣಗಳಿವೆ.

ಮೊದಲನೆಯದು, ಹಳೆಯ ಅವಧಿಯ ಬಿಲ್ಲುಗಳಿಗೆ ಹಳೆಯ ದರವೇ ಅನ್ವಯಿಸುವುದರಿಂದ ಆ ವರ್ಷಗಳ ಲೆಕ್ಕ ತಪಾಸಣೆಯಲ್ಲಿ ಈ ಪ್ರಶ್ನೆ ಮತ್ತೆ ಏಳಬಹುದು. ಎರಡನೆಯದು, ನೋಂದಣಿಯ ಮಿತಿ. ಕರ್ನಾಟಕದಲ್ಲಿ ಸರಕನ್ನು ಮಾತ್ರ ಪೂರೈಸುವವರಿಗೆ ಮಿತಿ ವಾರ್ಷಿಕ ರೂ. 40 ಲಕ್ಷ, ಸೇವೆ ನೀಡುವವರಿಗೆ ರೂ. 20 ಲಕ್ಷ. ಗ್ರಾಹಕರ ಚಾಸಿಯ ಮೇಲೆ ಕೆಲಸ ಮಾಡುವ, ಟಿಂಕರಿಂಗ್ ಮತ್ತು ಪೇಂಟಿಂಗ್ ಮಾಡುವ ಕಾರ್ಯಾಗಾರಕ್ಕೆ ಅನ್ವಯಿಸುವುದು ಎರಡನೆಯ ಮಿತಿ. ರೂ. 40 ಲಕ್ಷದವರೆಗೆ ನೋಂದಣಿ ಬೇಡವೆಂದು ನಂಬಿ ಕುಳಿತ ಕಾರ್ಯಾಗಾರಕ್ಕೆ ಹಿಂದಿನ ತೆರಿಗೆ, ಬಡ್ಡಿ, ದಂಡ ಒಟ್ಟಿಗೆ ಬೀಳಬಹುದು. ಮೂರನೆಯದು, ದಾಖಲೆ. ಚಾಸಿ ಮಾಲೀಕರದೇ ಆಗಿದ್ದರೆ ಅದು ಡೆಲಿವರಿ ಚಲನ್ ಮೂಲಕ ಕಾರ್ಯಾಗಾರಕ್ಕೆ ಹೋಗಿ ಬರಬೇಕು. ಕಾರ್ಯಾಗಾರದ ಬಿಲ್ಲಿನಲ್ಲಿ ಚಾಸಿಯ ಬೆಲೆ ಸೇರಬಾರದು, ಚಾಸಿ ಸಂಖ್ಯೆ ಇರಬೇಕು.

ಬಿಡಿಭಾಗ ಮತ್ತು ಕೂಲಿ ಎರಡೂ ಇರುವ ದುರಸ್ತಿಯಲ್ಲಿ, ಇವುಗಳ ಮೌಲ್ಯವನ್ನು ಪ್ರತ್ಯೇಕವಾಗಿ ತೋರಿಸಿದ್ದರೆ ಆಯಾ ದರದಲ್ಲಿ ತೆರಿಗೆ ವಿಧಿಸಬೇಕೆಂದು 2018ರ ಜೂನ್ 8ರ ಸುತ್ತೋಲೆ 47/21/2018 ತಿಳಿಸಿದೆ. "ಪೇಂಟಿಂಗ್ ಮತ್ತು ಇತರೆ" ಎಂದು ಒಂದೇ ಮೊತ್ತ ಬರೆದ ಬಿಲ್ಲಿಗಿಂತ ವಿವರವಾದ ಬಿಲ್ಲು ಎರಡೂ ಕಡೆಯವರಿಗೆ ರಕ್ಷಣೆ.

4. ಹೂಡುವಳಿ ತೆರಿಗೆ ಜಮೆ ಯಾರಿಗೆ ಸಿಗುತ್ತದೆ?

ಚಾಲಕನೂ ಸೇರಿ 13 ಆಸನಗಳವರೆಗಿನ ಪ್ರಯಾಣಿಕ ವಾಹನಗಳಿಗೆ, ಕೆಲವು ವಿನಾಯಿತಿಗಳನ್ನು ಬಿಟ್ಟರೆ, ಕಲಂ 17(5)ರ ಪ್ರಕಾರ ಇನ್‌ಪುಟ್ ಕ್ರೆಡಿಟ್ ಇಲ್ಲ. ಅಂತಹ ವಾಹನದ ವಿಮೆ, ಸರ್ವಿಸ್ ಹಾಗೂ ದುರಸ್ತಿಯ ತೆರಿಗೆಗೂ ಇದೇ ನಿರ್ಬಂಧ ಅನ್ವಯಿಸುತ್ತದೆ. ಹೀಗಾಗಿ ಸಂಸ್ಥೆಯ ಹೆಸರಿನಲ್ಲಿರುವ ಕಾರಿಗೆ ಬಣ್ಣ ಬಳಿಸಿದ ಬಿಲ್ಲಿನ ತೆರಿಗೆಯನ್ನು ಜಮೆ ಪಡೆಯುವುದು ತಪ್ಪು. ಸರಕು ವಾಹನಕ್ಕೆ ಈ ನಿರ್ಬಂಧವಿಲ್ಲ. ಆದರೂ ಜಮೆ ಎಲ್ಲರಿಗೂ ಸಿಗುವುದಿಲ್ಲ. ಮಾರುವ ಸರಕು ತೆರಿಗೆಗೆ ಒಳಪಟ್ಟಿರಬೇಕು.

ಚಾಸಿಗೆ ರೂ. 12,00,000 ಮತ್ತು ಬಾಡಿಗೆ ರೂ. 3,00,000, ಎರಡರ ಮೇಲೂ ಶೇ. 18ರಂತೆ ಒಟ್ಟು ರೂ. 2,70,000 ತೆರಿಗೆ ಎಂದಿಟ್ಟುಕೊಂಡು, ನಮ್ಮ ಭಾಗದ ಮೂವರು ವ್ಯಾಪಾರಸ್ಥರ ಸ್ಥಿತಿಯನ್ನು ಹೋಲಿಸಬಹುದು.

ಗೌರಿಬಿದನೂರಿನ ಸಣ್ಣ ತಯಾರಕರೊಬ್ಬರು ತೆರಿಗೆಗೊಳಪಟ್ಟ ಸರಕನ್ನೇ ಮಾರುತ್ತಾರೆ. ಅವರಿಗೆ ರೂ. 2,70,000 ಪೂರ್ಣ ಜಮೆ ಸಿಗುತ್ತದೆ. ಪುಸ್ತಕದಲ್ಲಿ ವಾಹನದ ಬೆಲೆ ರೂ. 15,00,000.

ಚಿಂತಾಮಣಿಯ ಟೊಮೆಟೊ ವರ್ತಕರ ಸರಕಿಗೆ ಜಿಎಸ್‌ಟಿ ವಿನಾಯಿತಿಯಿದೆ. ಅವರಿಗೆ ಜಮೆ ಇಲ್ಲ. ವಾಹನದ ಬೆಲೆ ರೂ. 17,70,000 ಆಗುತ್ತದೆ, ತೆರಿಗೆಯ ಭಾಗವು ಸವಕಳಿಯ ಮೂಲಕವಷ್ಟೇ ನಿಧಾನವಾಗಿ ಹಿಂದಿರುಗುತ್ತದೆ.

ಶಿಡ್ಲಘಟ್ಟದ ರೇಷ್ಮೆ ಉದ್ಯಮಿಯ ಲೆಕ್ಕ ಇವೆರಡರ ನಡುವಿನದು. ರೇಷ್ಮೆಗೂಡಿಗೂ ಹುರಿ ಮಾಡದ ಕಚ್ಚಾ ರೇಷ್ಮೆಗೂ ತೆರಿಗೆಯಿಲ್ಲ. ಹುರಿ ಮಾಡಿದ ರೇಷ್ಮೆನೂಲಿಗೆ ಶೇ. 5. ಆದ್ದರಿಂದ ನೂಲು ಬಿಚ್ಚಿ ಕಚ್ಚಾ ರೇಷ್ಮೆ ಮಾರುವವರಿಗೆ ಜಮೆ ದೊರೆಯದು. ಹುರಿ ಘಟಕದವರಿಗೆ ದೊರೆಯುತ್ತದೆ. ಎರಡೂ ವ್ಯವಹಾರವಿದ್ದರೆ ಜಮೆಯನ್ನು ಪ್ರಮಾಣಾನುಸಾರ ವಿಭಾಗಿಸಬೇಕು. ಮಾರಾಟದ ಮೇಲೆ ಶೇ. 5 ತೆರಿಗೆ ಮಾತ್ರ ಇರುವುದರಿಂದ ವಾಹನದ ಶೇ. 18ರ ಜಮೆ ಕರಗಲು ಹಲವು ತಿಂಗಳು ಬೇಕಾಗಬಹುದು. ವಾಹನವು ಬಂಡವಾಳ ಸರಕಾದ್ದರಿಂದ ದರವ್ಯತ್ಯಾಸದ ಮರುಪಾವತಿಯಲ್ಲಿ ಇದನ್ನು ಕೇಳುವಂತಿಲ್ಲ.

ಜಮೆಯಾಗಿ ಪಡೆದ ತೆರಿಗೆಯ ಮೇಲೆ ಆದಾಯ ತೆರಿಗೆಯಲ್ಲಿ ಸವಕಳಿ ಕೇಳಬಾರದು. ರಾಜಿ ತೆರಿಗೆ ಪದ್ಧತಿಯಲ್ಲಿರುವ ಕಾರ್ಯಾಗಾರದ ಬಿಲ್ಲಿನಿಂದ ಯಾರಿಗೂ ಜಮೆ ಸಿಗದೆಂಬುದನ್ನೂ ನೆನಪಿಡಬೇಕು.

5. ದುರಸ್ತಿಯೋ, ಬಂಡವಾಳ ವೆಚ್ಚವೋ?

ಇರುವ ಆಸ್ತಿಯನ್ನು ಇದ್ದ ಸ್ಥಿತಿಯಲ್ಲಿ ಉಳಿಸಿಕೊಳ್ಳಲು ಮಾಡಿದ ವೆಚ್ಚ ಚಾಲ್ತಿ ದುರಸ್ತಿ. ಹೊಸ ಆಸ್ತಿ ಅಥವಾ ಹೊಸ ಪ್ರಯೋಜನ ತಂದುಕೊಡುವ ವೆಚ್ಚ ಬಂಡವಾಳದ್ದು. 2007ರ ಸರವಣ ಸ್ಪಿನ್ನಿಂಗ್ ಮಿಲ್ಸ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯ ಇದೇ ತತ್ತ್ವವನ್ನು ಹೇಳಿದೆ. ತುಕ್ಕು ಹಿಡಿದ ತಗಡು ಬದಲಿಸಿ ಅದೇ ಬಣ್ಣ ಬಳಿಸಿದರೆ ಅದು ಆ ವರ್ಷದ ಖರ್ಚು. ತೆರೆದ ಬಾಡಿಯನ್ನು ತೆಗೆದು ಶಾಖನಿರೋಧಕ ಪೆಟ್ಟಿಗೆ ಕೂರಿಸಿದರೆ ಅದು ಬಂಡವಾಳ ವೆಚ್ಚ. ಅದರ ಮೇಲೆ ಸವಕಳಿ ಮಾತ್ರ ಸಿಗುತ್ತದೆ. ಸವಕಳಿಯ ದರ ಸ್ವಂತ ಸರಕು ಸಾಗಿಸುವ ವಾಹನಕ್ಕೆ ಶೇ. 15, ಬಾಡಿಗೆಗೆ ಓಡಿಸುವ ಲಾರಿಗೆ ಶೇ. 30.

ಸವಕಳಿಗೆ ವಾಹನವನ್ನು ಬಳಕೆಗೆ ತಂದ ದಿನ ಮುಖ್ಯವೇ ಹೊರತು ಚಾಸಿ ಕೊಂಡ ದಿನವಲ್ಲ. ಜನವರಿಯಲ್ಲಿ ಚಾಸಿ ಕೊಂಡು, ಬಾಡಿ ಮುಗಿದು ನೋಂದಣಿಯಾದುದು ಏಪ್ರಿಲ್ 10ಕ್ಕೆ ಎಂದಾದರೆ ಮಾರ್ಚ್‌ಗೆ ಮುಗಿದ ವರ್ಷದಲ್ಲಿ ಸವಕಳಿಯೇ ಇಲ್ಲ. ಅದೇ ವಾಹನ ಮಾರ್ಚ್ ಅಂತ್ಯದೊಳಗೆ ಬಳಕೆಗೆ ಬಂದಿದ್ದರೆ, 180 ದಿನಕ್ಕಿಂತ ಕಡಿಮೆಯಾದ್ದರಿಂದ ಅರ್ಧ ದರದಲ್ಲಿ, ರೂ. 15,00,000ದ ಮೇಲೆ ರೂ. 1,12,500 ಸಿಗುತ್ತಿತ್ತು. ಕಾರ್ಯಾಗಾರದೊಡನೆ ಮಾಡಿಕೊಳ್ಳುವ ಒಪ್ಪಂದದಲ್ಲಿ ಮುಗಿಸುವ ದಿನಾಂಕ ಬರೆಸುವುದರ ಬೆಲೆ ಇದು.

ಬಾಡಿ ಕೆಲಸದಲ್ಲಿ ನಗದು ಪಾವತಿಯ ರೂಢಿ ಇನ್ನೂ ಇದೆ. ಒಬ್ಬರಿಗೆ ಒಂದು ದಿನದಲ್ಲಿ ರೂ. 10,000 ಮೀರಿ ನಗದು ಕೊಟ್ಟರೆ ದುರಸ್ತಿ ವೆಚ್ಚವಾದಲ್ಲಿ ಅದನ್ನು ಖರ್ಚೆಂದು ಒಪ್ಪುವುದಿಲ್ಲ. ಬಂಡವಾಳ ವೆಚ್ಚವಾದಲ್ಲಿ ಅದು ಆಸ್ತಿಯ ಬೆಲೆಗೆ ಸೇರುವುದಿಲ್ಲ. ರೂ. 3,00,000ದ ಬಾಡಿಯನ್ನು ಪೂರ್ತಿ ನಗದಿನಲ್ಲಿ ಮಾಡಿಸಿದವರಿಗೆ ಆ ಮೊತ್ತದ ಮೇಲೆ ಎಂದೆಂದಿಗೂ ಸವಕಳಿ ಇಲ್ಲ. ಮಾಲೀಕರ ಸ್ವಂತ ಬಳಕೆಗೂ ಇರುವ ಕಾರಿನ ವೆಚ್ಚದಲ್ಲಿ ವ್ಯಾಪಾರಕ್ಕೆ ಸಂಬಂಧಿಸಿದ ಭಾಗವನ್ನಷ್ಟೇ ಕೇಳಬಹುದು. 1961ರ ಕಾಯ್ದೆಯ ಬದಲಿಗೆ 2026ರ ಏಪ್ರಿಲ್ 1ರಿಂದ ಅನ್ವಯಿಸುವಂತೆ ರೂಪಿತವಾದ 2025ರ ಆದಾಯ ತೆರಿಗೆ ಕಾಯ್ದೆಯಲ್ಲಿ ಕಲಂಗಳ ಸಂಖ್ಯೆ ಬದಲಾದರೂ ಈ ತತ್ತ್ವಗಳು ಮುಂದುವರಿದಿವೆ.

6. ಬಣ್ಣ ಮತ್ತು ಒಳಾಂಗಣ: ಅಂದಾಜುಪಟ್ಟಿ ಓದುವ ಬಗೆ

ಒಂದೇ ವಾಹನಕ್ಕೆ ಎರಡು ಕಾರ್ಯಾಗಾರಗಳು ಕೊಡುವ ದರದಲ್ಲಿ ಭಾರಿ ವ್ಯತ್ಯಾಸವಿರುವುದು ಸಾಮಾನ್ಯ. ವ್ಯತ್ಯಾಸ ಅಡಗಿರುವುದು ಕೊನೆಯ ಬಣ್ಣದಲ್ಲಲ್ಲ, ಅದರ ಕೆಳಗಿನ ಪದರಗಳಲ್ಲಿ. ಹಳೆಯ ತುಕ್ಕು ಉಜ್ಜಿ ತೆಗೆಯುವುದು, ಪುಟ್ಟಿ, ಪ್ರೈಮರ್, ಬಣ್ಣ, ಕ್ಲಿಯರ್ ಇವುಗಳಲ್ಲಿ ಯಾವುದು ಎಷ್ಟು ಕೋಟ್ ಎಂಬುದು ಅಂದಾಜುಪಟ್ಟಿಯಲ್ಲಿ ಇರಬೇಕು.

ಒಳಾಂಗಣದ ಪ್ಲಾಸ್ಟಿಕ್ಕಿಗೆ ಬಣ್ಣ ಬಳಿಯುವುದು ತಗಡಿನ ಕೆಲಸದಂತಲ್ಲ. ಡ್ಯಾಶ್‌ಬೋರ್ಡ್ ಮತ್ತು ಬಾಗಿಲಿನ ಪ್ಯಾನೆಲ್‌ಗಳಿಗೆ ಹೆಚ್ಚಾಗಿ ಬಳಸುವ ಪಾಲಿಪ್ರೊಪಿಲೀನ್ ಮೇಲೆ ಸಾಮಾನ್ಯ ಬಣ್ಣ ಹಿಡಿಯುವುದಿಲ್ಲ. ಭಾಗಗಳನ್ನು ಬಿಚ್ಚಿ, ಪಾಲಿಶ್‌ನ ಸಿಲಿಕಾನ್ ಅಂಶ ಹೋಗುವಂತೆ ತೊಳೆದು, ಸಣ್ಣ ಕಾಗದದಿಂದ ಉಜ್ಜಿ, ಪ್ಲಾಸ್ಟಿಕ್ ಪ್ರೈಮರ್ ಹೊಡೆದು, ಅನಂತರ ತೆಳುವಾದ ಕೋಟ್‌ಗಳಲ್ಲಿ ಬಣ್ಣ ನೀಡಬೇಕು. ಬಿಚ್ಚದೆ, ಪ್ರೈಮರ್ ಇಲ್ಲದೆ ಮಾಡಿದ ಅಗ್ಗದ ಕೆಲಸ ಒಂದು ಬೇಸಿಗೆಯಲ್ಲೇ ಸಿಪ್ಪೆ ಏಳುತ್ತದೆ. ಡ್ಯಾಶ್‌ಬೋರ್ಡಿನ ಮೇಲ್ಭಾಗಕ್ಕೆ ಹೊಳಪಿನ ಬಣ್ಣ ಬಳಿದರೆ ಬಿಸಿಲು ಮುಂಗಾಜಿನಲ್ಲಿ ಪ್ರತಿಫಲಿಸಿ ಚಾಲಕನ ಕಣ್ಣಿಗೆ ಹೊಡೆಯುತ್ತದೆ. ಅಲ್ಲಿ ಮ್ಯಾಟ್ ಬಣ್ಣವೇ ಸರಿ. ಏರ್‌ಬ್ಯಾಗ್ ಇರುವ ಮುಚ್ಚಳ ಮತ್ತು ಸೀಟ್ ಬೆಲ್ಟ್‌ಗೆ ಬಣ್ಣ ತಾಗಿಸಲೇಬಾರದು. ಅಪಘಾತದ ಕ್ಷಣದಲ್ಲಿ ಆ ಮುಚ್ಚಳ ತಯಾರಕರು ಗೊತ್ತುಪಡಿಸಿದ ಗೆರೆಯಲ್ಲೇ ಬಿರಿಯಬೇಕು.

7. ಕಾರ್ಯಾಗಾರದ ಮಾಲೀಕರ ಗಮನಕ್ಕೆ

ವಾಹನ ದುರಸ್ತಿ ಮತ್ತು ಪೇಂಟಿಂಗ್ ಘಟಕಗಳನ್ನು ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ 2016ರ ವರ್ಗೀಕರಣದಲ್ಲಿ ಕಿತ್ತಳೆ ವರ್ಗಕ್ಕೆ ಸೇರಿಸಲಾಗಿತ್ತು. ಇಂತಹ ಘಟಕಕ್ಕೆ ರಾಜ್ಯ ಮಂಡಳಿಯ ಸಮ್ಮತಿ ಪತ್ರ ಬೇಕು. ಹಾರ್ಡ್‌ನರ್ ಬೆರೆಸುವ ಪಾಲಿಯುರಿಥೇನ್ ಬಣ್ಣಗಳಲ್ಲಿರುವ ಐಸೋಸಯನೇಟ್ ಶ್ವಾಸಕೋಶಕ್ಕೆ ಹಾನಿಕರ. ಮುಖಕ್ಕೆ ಬಟ್ಟೆ ಕಟ್ಟಿಕೊಂಡು ಸ್ಪ್ರೇ ಹೊಡೆಯುವ ಹುಡುಗರಿಗೆ ಸೂಕ್ತ ಮಾಸ್ಕ್ ಮತ್ತು ಗಾಳಿ ಹೊರಹಾಕುವ ವ್ಯವಸ್ಥೆ ಒದಗಿಸುವುದು ಮಾಲೀಕರ ಹೊಣೆ.

ಉದ್ಯಮ್ ನೋಂದಣಿ ಪಡೆದ ಸೂಕ್ಷ್ಮ ಘಟಕಕ್ಕೆ ಒಂದು ಅನುಕೂಲವೂ ಇದೆ. ಒಪ್ಪಂದವಿಲ್ಲದಿದ್ದರೆ 15 ದಿನ, ಲಿಖಿತ ಒಪ್ಪಂದವಿದ್ದರೆ ಗರಿಷ್ಠ 45 ದಿನಗಳಲ್ಲಿ ಹಣ ಪಾವತಿಯಾಗಬೇಕು. ತಡಮಾಡಿದ ಗ್ರಾಹಕ ಸಂಸ್ಥೆಗೆ ಆ ವೆಚ್ಚದ ಕಡಿತವು ಹಣ ಕೊಟ್ಟ ವರ್ಷದಲ್ಲಷ್ಟೇ ಸಿಗುತ್ತದೆ. ಬಾಕಿ ವಸೂಲಿಗೆ ಇದು ಬಲವಾದ ಆಧಾರ.

8. ಅನುಸರಿಸಬೇಕಾದ ಕ್ರಮ

ಅ) ಅಳತೆ, ತೂಕ, ಸಾಮಗ್ರಿ, ಕೋಟ್‌ಗಳು ಮತ್ತು ಮುಗಿಸುವ ದಿನಾಂಕ ಇರುವ ಲಿಖಿತ ಅಂದಾಜು ಪಡೆಯುವುದು.

ಆ) ನೋಂದಣಿಯಾದ ವಾಹನವಾದರೆ ಕೆಲಸಕ್ಕೆ ಮೊದಲು ಸಾರಿಗೆ ಕಚೇರಿಯ ಒಪ್ಪಿಗೆ ಮತ್ತು ಸಾಲ ಸಂಸ್ಥೆಯ ಪತ್ರ ಪಡೆಯುವುದು.

ಇ) ಚಾಸಿಯನ್ನು ಚಲನ್ ಮೂಲಕ ಕಳುಹಿಸುವುದು, ಹಣವನ್ನು ಬ್ಯಾಂಕ್ ಮೂಲಕ ಪಾವತಿಸುವುದು.

ಈ) ಕಾರ್ಯಾಗಾರದ ಜಿಎಸ್‌ಟಿ ಸಂಖ್ಯೆ, ಚಾಸಿ ಸಂಖ್ಯೆ ಮತ್ತು ಕೆಲಸದ ವಿವರವಿರುವ ಬಿಲ್ಲು ಪಡೆಯುವುದು.

ಉ) ಕೆಲಸ ಮುಗಿದೊಡನೆ ನೋಂದಣಿ ಪ್ರಮಾಣಪತ್ರದಲ್ಲಿ ನಮೂದು ಮಾಡಿಸುವುದು.

ಊ) ವಿಮಾ ಸಂಸ್ಥೆಗೆ ಬದಲಾವಣೆಯನ್ನೂ ಹೊಸ ಬಾಡಿಯ ಮೌಲ್ಯವನ್ನೂ ಬರಹದಲ್ಲಿ ತಿಳಿಸಿ, ಪಾಲಿಸಿಯಲ್ಲಿ ಸೇರಿಸಿಕೊಂಡ ಬಗ್ಗೆ ಪತ್ರ ಪಡೆಯುವುದು.

ಕೊನೆಯ ಅಂಶವನ್ನು ಮರೆಯುವವರೇ ಹೆಚ್ಚು. ರೂ. 3,00,000ದ ಬಾಡಿ ಪಾಲಿಸಿಯಲ್ಲಿ ಸೇರದಿದ್ದರೆ ಅದಕ್ಕೆ ಪರಿಹಾರ ಸಿಗುವ ಭರವಸೆಯಿಲ್ಲ. ಪ್ರಮಾಣಪತ್ರದಲ್ಲಿ ತೆರೆದ ಬಾಡಿ ಎಂದೂ ರಸ್ತೆಯಲ್ಲಿ ಮುಚ್ಚಿದ ಪೆಟ್ಟಿಗೆಯೂ ಇದ್ದರೆ ವಿಮಾ ಸರ್ವೇಯರ್ ಮೊದಲು ಬರೆಯುವ ಷರಾ ಅದೇ ಆಗಿರುತ್ತದೆ. ರಸ್ತೆಯ ಮೇಲಿನ ವಾಹನ, ನೋಂದಣಿ ಪ್ರಮಾಣಪತ್ರ, ವಿಮಾ ಪಾಲಿಸಿ ಮತ್ತು ಲೆಕ್ಕಪುಸ್ತಕ ಈ ನಾಲ್ಕರಲ್ಲೂ ಒಂದೇ ವಿವರ ಇರುವಂತೆ ನೋಡಿಕೊಂಡ ಮಾಲೀಕರು ತಪಾಸಣೆಗಾಗಲಿ ಅಪಘಾತದ ನಂತರದ ವಿಚಾರಣೆಗಾಗಲಿ ಅಂಜಬೇಕಾಗಿಲ್ಲ. ಇದಕ್ಕೆ ತಗಲುವ ಹೆಚ್ಚುವರಿ ವೆಚ್ಚ ಅಲ್ಪ. ಬೇಕಾಗಿರುವುದು ಕೆಲಸಕ್ಕೆ ಮುಂಚೆ ಕಾಗದಪತ್ರ ಎಂಬ ಶಿಸ್ತು.